ಆಚಾರ್ಯ ಜಗದೀಶಚಂದ್ರ ಬೋಸರು

ತಂತಿಯ ನೆರವಿಲ್ಲದೆ ಸಂದೇಶವನ್ನು ಕಳುಹಿಸುವ ವಿದ್ಯೆಯ ಚರಿತ್ರೆಯಲ್ಲಿ ಭಾರತದ ಹೆಸರನ್ನು ಮೊದಲು ಬರೆದವರು ಆಚಾರ್ಯ ಜಗದೀಶಚಂದ್ರ ಬೋಸರು. ಸಸ್ಯಗಳೂ ಪ್ರಾಣಿಗಳಂತೆ ಹೊರಗಿನ ಆಘಾತಕ್ಕೆ ಸ್ಪಂದಿಸುತ್ತವೆಯೆಂದು ತೋರಿಸಿಕೊಟ್ಟ ವಿಜ್ಞಾನಿಯೆಂದೇ ವಿದ್ಯಾರ್ಥಿಗಳು ಅವರನ್ನು ಹೆಚ್ಚಾಗಿ ಬಲ್ಲರು. ಆದರೆ ಆ ಸಸ್ಯಶೋಧನೆಯ ಮೂಲವು ಸರಿಯಾಗಿ ಕೆಲಸ ಮಾಡದ ಒಂದು ನಿಸ್ತಂತು ಗ್ರಾಹಕ ಯಂತ್ರದಲ್ಲಿದೆ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಯಂತ್ರವು ಮಂಕಾದಾಗ ಅದನ್ನು ಬಿಸುಟು ಬೇರೊಂದನ್ನು ತರದೆ, ಅದು ಏಕೆ ಮಂಕಾಯಿತೆಂದು ತಾಳ್ಮೆಯಿಂದ ವಿಚಾರಿಸಿದ ಗುಣವೇ ಅವರ ಬಾಳಿಗೆ ಹೊಸ ದಾರಿಯನ್ನು ತೆರೆಯಿತು.

ಬೋಸರು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ತಂದೆ ಭಗವಾನ್‌ಚಂದ್ರ ಬೋಸರು ಸರ್ಕಾರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು. ಅಧಿಕಾರಿಗಳ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಆ ಕಾಲದಲ್ಲಿ ಅವರು ಮಗನನ್ನು ಬಂಗಾಳಿ ಭಾಷೆಯ ಪಾಠಶಾಲೆಗೆ ಕಳುಹಿಸಿದರು. ಅಲ್ಲಿ ಬಾಲಕ ಜಗದೀಶನ ಒಂದು ಪಕ್ಕದಲ್ಲಿ ತಂದೆಯ ಮುಸಲ್ಮಾನ ಸೇವಕನ ಮಗನೂ ಇನ್ನೊಂದು ಪಕ್ಕದಲ್ಲಿ ಬೆಸ್ತರ ಹುಡುಗನೂ ಕುಳಿತಿರುತ್ತಿದ್ದರು. ಹಕ್ಕಿ, ಮೀನು, ಜಲಚರಗಳ ಕಥೆಗಳನ್ನು ಈ ಗೆಳೆಯರಿಂದ ಕೇಳಿದ್ದರಿಂದಲೇ ಪ್ರಕೃತಿಯ ಬಗೆಗಿನ ಕುತೂಹಲವು ತಮ್ಮಲ್ಲಿ ಮೊಳೆಯಿತೆಂದು ಬೋಸರು ಮುಂದೆ ಸ್ಮರಿಸಿಕೊಂಡರು. ಮಾತೃಭಾಷೆಯ ಶಿಕ್ಷಣ ಮತ್ತು ಮೇಲುಕೀಳಿಲ್ಲದ ಒಡನಾಟ ಇವೆರಡೂ ಅವರಿಗೆ ತಂದೆಯಿಂದ ದೊರೆತ ಆಸ್ತಿ.

ಮುಂದೆ ಕಲ್ಕತ್ತೆಯ ಹೇರ್ ಶಾಲೆ, ಸೇಂಟ್ ಝೇವಿಯರ್ ಶಾಲೆ ಮತ್ತು ಅದೇ ಹೆಸರಿನ ಕಾಲೇಜುಗಳಲ್ಲಿ ಅವರ ವಿದ್ಯಾಭ್ಯಾಸ ಸಾಗಿತು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪ್ರಯೋಗಗಳ ಮೂಲಕವೇ ಬೋಧಿಸುತ್ತಿದ್ದ ಫಾದರ್ ಲಾಫಾಂಟರು ಅವರ ಮನಸ್ಸನ್ನು ವಿಜ್ಞಾನದ ಕಡೆಗೆ ತಿರುಗಿಸಿದರು. 1880ರಲ್ಲಿ ಇಂಗ್ಲೆಂಡಿಗೆ ತೆರಳಿದ ಬೋಸರು ಮೊದಲು ವೈದ್ಯಶಾಸ್ತ್ರಕ್ಕೆ ಸೇರಿದರು. ಪದೇ ಪದೇ ಕಾಡಿದ ಜ್ವರದಿಂದಾಗಿ ಅದನ್ನು ಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜನ್ನು ಪ್ರವೇಶಿಸಿದರು. ಅಲ್ಲಿ ಲಾರ್ಡ್ ರ‍್ಯಾಲೆಯವರ ಶಿಷ್ಯರಾಗಿ, 1884ರಲ್ಲಿ ಪದವೀಧರರಾಗಿ ಸ್ವದೇಶಕ್ಕೆ ಮರಳಿದರು.

1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ನಿಯುಕ್ತರಾದ ಕೂಡಲೇ ಅವರಿಗೆ ಒಂದು ಅಗ್ನಿಪರೀಕ್ಷೆ ಎದುರಾಯಿತು. ಅಂದಿನ ನಿಯಮದಂತೆ ಅದೇ ಹುದ್ದೆಯಲ್ಲಿ ಭಾರತೀಯನಿಗೆ ಐರೋಪ್ಯನ ವೇತನದ ಮೂರನೆಯ ಎರಡು ಭಾಗ ಮಾತ್ರ ಸಲ್ಲುತ್ತಿತ್ತು. ಬೋಸರ ನೇಮಕವು ತಾತ್ಕಾಲಿಕವಾದ್ದರಿಂದ ಅದರಲ್ಲಿಯೂ ಅರ್ಧವನ್ನು ಕಡಿಯಲಾಯಿತು. ಬೋಸರು ವಾದಕ್ಕಿಳಿಯಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪಾಠಗಳನ್ನು ಒಂದೂ ತಪ್ಪದೆ ನಡೆಸುತ್ತ, ವೇತನವನ್ನು ಮಾತ್ರ ಸ್ವೀಕರಿಸದೆ ಹಿಂದಿರುಗಿಸುತ್ತ ಬಂದರು. ನಾಡಿನ ಕೈಗಾರಿಕೆಗಳಿಗೆ ನೆರವಾಗಲು ಹೋಗಿ ತಂದೆಯವರು ಸಾಲದಲ್ಲಿ ಮುಳುಗಿದ್ದ ದಿನಗಳವು. 1887ರಲ್ಲಿ ಅಬಲಾ ದೇವಿಯವರೊಡನೆ ವಿವಾಹವಾಗಿ ಸಂಸಾರವೂ ಆರಂಭವಾಗಿತ್ತು. ಮದ್ರಾಸಿನಲ್ಲಿ ವೈದ್ಯಕೀಯ ಓದಿದ್ದ, ಮುಂದೆ ಸ್ತ್ರೀಶಿಕ್ಷಣಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟ ಆ ಸಾಧ್ವಿಯು ಪತಿಯ ನಿಲುವಿಗೆ ಹೆಗಲುಕೊಟ್ಟರು. ಮೂರು ವರ್ಷಗಳ ಈ ಮೌನ ಪ್ರತಿಭಟನೆಗೆ ಕೊನೆಗೆ ಅಧಿಕಾರಿಗಳು ಮಣಿದರು. ನೇಮಕವು ಕಾಯಂ ಆಯಿತು, ಪೂರ್ಣ ವೇತನವು ಆರಂಭದ ದಿನದಿಂದಲೇ ಒಟ್ಟಾಗಿ ಕೈಸೇರಿತು. ಆ ಹಣವು ತಂದೆಯ ಸಾಲದ ತೀರುವಳಿಗೆ ಸಂದಿತು.

ಕಾಲೇಜಿನಲ್ಲಿ ಸಂಶೋಧನೆಗೆ ತಕ್ಕ ಪ್ರಯೋಗಶಾಲೆ ಇರಲಿಲ್ಲ. 1894ರ ನವೆಂಬರ್ 30ರಂದು, ತಮ್ಮ ಮೂವತ್ತಾರು ವರ್ಷಗಳು ತುಂಬಿದ ದಿನ, ಉಳಿದ ಆಯುಷ್ಯವನ್ನು ಸಂಶೋಧನೆಗೆ ಮೀಸಲಿಡಲು ಅವರು ಸಂಕಲ್ಪ ಮಾಡಿದರು. ಸ್ನಾನದ ಕೋಣೆಗೆ ಹೊಂದಿದ್ದ ಒಂದು ಇಕ್ಕಟ್ಟಾದ ಜಾಗವೇ ಪ್ರಯೋಗಶಾಲೆಯಾಯಿತು. ತಗಡಿನ ಕೆಲಸ ಬಲ್ಲ ಒಬ್ಬ ಸ್ಥಳೀಯ ಕುಶಲಕರ್ಮಿಯೇ ಸಹಾಯಕನಾದನು. ಹೈನ್ರಿಕ್ ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು 1888ರ ವೇಳೆಗೆ ವಿದ್ಯುತ್ಕಾಂತ ತರಂಗಗಳ ಇರವನ್ನು ಪ್ರಯೋಗದಿಂದ ಸಿದ್ಧಪಡಿಸಿದ್ದನು. ಆತನ ತರಂಗಗಳು ಅತಿ ಚಿಕ್ಕವೆಂದರೂ ಅರ್ಧ ಮೀಟರಿಗಿಂತ ಉದ್ದವಾಗಿದ್ದವು. ಅವು ಬೆಳಕಿನಂತೆ ನಡೆಯುತ್ತವೆಯೇ ಎಂದು ಪರೀಕ್ಷಿಸಲು ಭಾರಿ ಕನ್ನಡಿಗಳೂ ವಿಶಾಲ ಭವನಗಳೂ ಬೇಕಾಗಿದ್ದವು. ಇಕ್ಕಟ್ಟಾದ ಕೋಣೆಯಲ್ಲಿದ್ದ ಬೋಸರು ತರಂಗವನ್ನೇ ಕಿರಿದು ಮಾಡಿದರು. ಅವರ ಪ್ರೇಷಕ ಯಂತ್ರವು 5 ಮಿಲಿಮೀಟರಿನಷ್ಟು ಕಿರಿದಾದ ತರಂಗಗಳನ್ನು ಹೊಮ್ಮಿಸಿತು. ಸೆಣಬನ್ನು ಹುರಿಗೊಳಿಸಿ, ಪುಸ್ತಕದ ಹಾಳೆಗಳ ನಡುವೆ ತವರದ ತೆಳುತಗಡನ್ನಿಟ್ಟು, ಈ ಕಾಣದ ಕಿರಣಗಳು ಬೆಳಕಿನಂತೆಯೇ ಧ್ರುವೀಕರಣಗೊಳ್ಳುವುದನ್ನು ಅವರು ತೋರಿಸಿದರು.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ, ಲೆಫ್ಟಿನೆಂಟ್ ಗವರ್ನರರ ಸಮಕ್ಷಮದಲ್ಲಿ ಬೋಸರು ನಡೆಸಿದ ಪ್ರದರ್ಶನವು ನೆರೆದವರನ್ನೆಲ್ಲ ಬೆರಗುಗೊಳಿಸಿತು. ಒಂದು ಕೋಣೆಯಿಂದ ಹೊರಟ ತರಂಗವು ಗೋಡೆಗಳನ್ನು ಹಾಯ್ದು ದೂರದ ಇನ್ನೊಂದು ಕೋಣೆಯಲ್ಲಿ ಗಂಟೆಯನ್ನು ಬಾರಿಸಿತು, ಮದ್ದನ್ನು ಸಿಡಿಸಿತು. ಮರುವರ್ಷ ಲಂಡನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಆಫ್ ಸೈನ್ಸ್ ಪದವಿಯನ್ನಿತ್ತಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತಮ್ಮ ಯಂತ್ರಗಳನ್ನೇ ಮುಂದಿಟ್ಟು ಅವರು ಉಪನ್ಯಾಸ ಮಾಡಿದರು.

ಇಷ್ಟೆಲ್ಲ ಕೀರ್ತಿಯ ನಡುವೆಯೂ ಗ್ರಾಹಕ ಯಂತ್ರವು ಅವರನ್ನು ಬಿಡದೆ ಕಾಡುತ್ತಿತ್ತು. ಆ ಕಾಲದ ಗ್ರಾಹಕದ ಹೃದಯವೆಂದರೆ ಕೊಹಿರರ್ ಎಂಬ ಉಪಕರಣ. ಗಾಜಿನ ನಳಿಗೆಯಲ್ಲಿ ಲೋಹದ ಅರಪುಡಿಯನ್ನು ಸಡಿಲವಾಗಿ ತುಂಬಿ ಬ್ಯಾಟರಿಗೆ ಜೋಡಿಸಿದರೆ, ಕಣಗಳ ನಡುವಣ ಸಂಪರ್ಕವು ಸರಿಯಿಲ್ಲದ ಕಾರಣ ವಿದ್ಯುತ್ತು ಹರಿಯುವುದಿಲ್ಲ. ತರಂಗವು ತಾಕಿದೊಡನೆ ಕಣಗಳು ಒಂದಕ್ಕೊಂದು ಅಂಟಿಕೊಂಡಂತಾಗಿ ರೋಧವು ತಗ್ಗುತ್ತದೆ, ವಿದ್ಯುತ್ತು ಹರಿದು ಗಂಟೆ ಬಾರಿಸುತ್ತದೆ. ಆದರೆ ಒಮ್ಮೆ ಅಂಟಿದ ಕಣಗಳು ತಾವಾಗಿ ಬಿಡುವುದಿಲ್ಲ. ಮುಂದಿನ ಸಂಕೇತಕ್ಕೆ ಮೊದಲು ನಳಿಗೆಯನ್ನು ತಟ್ಟಿ ಅಲುಗಿಸಲೇಬೇಕು. ಒಮ್ಮೆ ಚುರುಕಾಗಿದ್ದ ಉಪಕರಣವು ಮತ್ತೊಮ್ಮೆ ಜಡವಾಗುತ್ತಿತ್ತು. ಬಂಗಾಳದ ಬಿಸಿಲು ತೇವಗಳಲ್ಲಿ ಲೋಹಕ್ಕೆ ಕಿಲುಬು ಹಿಡಿಯುವ ತೊಂದರೆ ಬೇರೆ.

ಬೋಸರು ಈ ಅನಿಶ್ಚಯವನ್ನು ಯಂತ್ರದ ಹಣೆಬರಹವೆಂದು ಒಪ್ಪಿಕೊಳ್ಳಲಿಲ್ಲ. ಅಡ್ಡಾದಿಡ್ಡಿಯಾಗಿ ಬಿದ್ದಿರುವ ಅರಪುಡಿಯಲ್ಲಿ ದೋಷವು ಯಾವ ಕಣದ್ದೆಂದು ಹೇಳುವುದು ಅಸಾಧ್ಯವಾದ್ದರಿಂದ, ಅದನ್ನು ತೆಗೆದು ಉಕ್ಕಿನ ಸಣ್ಣ ಸುರುಳಿಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದರು. ಸುರುಳಿಗಳ ಮೇಲಿನ ಒತ್ತಡವನ್ನು ತಿರುಪಿನಿಂದಲೂ ಬ್ಯಾಟರಿಯ ಬಲವನ್ನು ಬೇರೊಂದು ಏರ್ಪಾಟಿನಿಂದಲೂ ಹದಗೊಳಿಸಿದರು. ಹೀಗೆ ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿ, ಪ್ರತಿಯೊಂದರ ಪರಿಣಾಮವನ್ನು ಬೇರೆ ಬೇರೆಯಾಗಿ ಅಳೆಯುವುದು ಸಾಧ್ಯವಾಯಿತು. ಬಳಿಕ ಹಲವಾರು ಲೋಹಗಳನ್ನು ಸಾಲಾಗಿ ಪರೀಕ್ಷಿಸಿದರು. ಪೊಟ್ಯಾಸಿಯಂ ಮಾತ್ರ ಉಳಿದವುಗಳಿಗೆ ವಿರುದ್ಧವಾಗಿ, ತರಂಗ ತಾಕಿದಾಗ ರೋಧವನ್ನು ಹೆಚ್ಚಿಸಿಕೊಂಡು ಮತ್ತೆ ತಾನಾಗಿಯೇ ಮೊದಲ ಸ್ಥಿತಿಗೆ ಮರಳಿತು. ತಟ್ಟದೆಯೇ ಚೇತರಿಸಿಕೊಳ್ಳುವ, ಕಬ್ಬಿಣ ಮತ್ತು ಪಾದರಸಗಳ ಸಂಪರ್ಕದಿಂದಾದ ಕೊಹಿರರನ್ನು ಅವರು 1899ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು. 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ಆಲಿಸಿದಾಗ ಬಳಸಿದ ಪಾದರಸದ ಗ್ರಾಹಕಕ್ಕೆ ಈ ಲೇಖನವೇ ಮೂಲವೆಂದು 1998ರಲ್ಲಿ ಒಂದು ವಿದ್ವತ್ಪೂರ್ಣ ಪ್ರಬಂಧವು ವಾದಿಸಿತು. ಗಲೀನಾ ಎಂಬ ಸೀಸದ ಅದಿರಿನ ಹರಳಿನಿಂದ ಬೋಸರು ರಚಿಸಿದ ಗ್ರಾಹಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅರೆವಾಹಕಗಳ ಯುಗಕ್ಕೆ ಅದು ಮುಂಗೋಳಿಯ ಕೂಗು. ಮಿತ್ರರ ಒತ್ತಾಯಕ್ಕೆ ಕಟ್ಟುಬಿದ್ದು ಪೇಟೆಂಟ್ ಪಡೆದರೇ ಹೊರತು, ವಿದ್ಯೆಯನ್ನು ಮಾರಿ ಹಣ ಗಳಿಸುವುದು ಬೋಸರಿಗೆ ಒಪ್ಪಿಗೆಯಾಗಿರಲಿಲ್ಲ.

ಗ್ರಾಹಕವನ್ನು ಎಡೆಬಿಡದೆ ದುಡಿಸಿದಾಗ ಅದರ ಸ್ಪಂದನವು ಕುಗ್ಗುವುದನ್ನೂ, ಸ್ವಲ್ಪ ಹೊತ್ತು ಬಿಡುವು ಕೊಟ್ಟರೆ ಮತ್ತೆ ಚುರುಕಾಗುವುದನ್ನೂ ಬೋಸರು ಗಮನಿಸಿದರು. ಆ ಏರಿಳಿತವನ್ನು ರೇಖೆಯಾಗಿ ಬರೆದು ನೋಡಿದರೆ, ದಣಿದ ಸ್ನಾಯುವಿನ ರೇಖೆಯನ್ನೇ ಅದು ಹೋಲುತ್ತಿತ್ತು. ಕೆಲವು ರಾಸಾಯನಿಕಗಳು ಲೋಹದ ಸ್ಪಂದನವನ್ನು ಹೆಚ್ಚಿಸಿದವು, ಕೆಲವು ಅಡಗಿಸಿದವು. ಈ ಸಾಮ್ಯವನ್ನು ಅವರು 1900ರಲ್ಲಿ ಪ್ಯಾರಿಸಿನ ಅಂತರರಾಷ್ಟ್ರೀಯ ಭೌತಶಾಸ್ತ್ರ ಸಮ್ಮೇಳನದ ಮುಂದಿಟ್ಟರು. ಲೋಹ ಮತ್ತು ಪ್ರಾಣಿಗಳ ನಡುವಣ ಕೊಂಡಿಯನ್ನು ಅರಸುತ್ತ ಸಸ್ಯಗಳ ಕಡೆಗೆ ತಿರುಗಿದರು. 1901ರ ಜೂನ್‌ನಲ್ಲಿ ರಾಯಲ್ ಸೊಸೈಟಿಯಲ್ಲಿ ಈ ವಿಷಯವನ್ನು ಮಂಡಿಸಿದಾಗ ಶರೀರಶಾಸ್ತ್ರಜ್ಞರು ತೀವ್ರವಾಗಿ ವಿರೋಧಿಸಿದರು. ಪ್ರಬಂಧದ ಪ್ರಕಟಣೆಯು ನಿಂತುಹೋಯಿತು. ಭೌತಶಾಸ್ತ್ರಜ್ಞನು ತನ್ನ ಸೀಮೆಯನ್ನು ದಾಟಬಾರದೆಂಬುದು ಅವರ ಆಕ್ಷೇಪದ ತಿರುಳು. ಭೌತಶಾಸ್ತ್ರದಲ್ಲಿ ಗಳಿಸಿದ್ದ ಹೆಸರೆಲ್ಲ ಪಣಕ್ಕೆ ಬಿದ್ದ ಗಳಿಗೆಯದು. ಬೋಸರು ಎದೆಗುಂದದೆ ಪ್ರಯೋಗಗಳನ್ನು ಮುಂದುವರಿಸಿದರು. ಮರುವರ್ಷ ಲಿನಿಯನ್ ಸೊಸೈಟಿಯು ಅವರಿಗೆ ವೇದಿಕೆಯನ್ನೊದಗಿಸಿತು. ಸ್ವದೇಶದಲ್ಲಿ ಕವಿ ರವೀಂದ್ರನಾಥ ಠಾಕೂರರ ಸ್ನೇಹವೂ ತ್ರಿಪುರದ ಮಹಾರಾಜರ ಧನಸಹಾಯವೂ ಅವರಿಗೆ ಬಲವಾಗಿ ನಿಂತವು.

ಸಸ್ಯದ ಬೆಳವಣಿಗೆಯನ್ನು ಹತ್ತು ಸಾವಿರ ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವು ಮುಂದಿನ ವರ್ಷಗಳ ಫಲ. ಮುಟ್ಟಿದರೆ ಮುನಿಯಂಥ ಗಿಡಗಳಲ್ಲಿ ಹರಿಯುವ ವಿದ್ಯುತ್ ಸಂಕೇತಗಳನ್ನು ಅವರು ದಾಖಲಿಸಿದರು. ಲೋಹಕ್ಕೂ ಜೀವಿಗೂ ನಡುವೆ ಅವರು ಕಂಡ ಐಕ್ಯವನ್ನು ಮುಂದಿನ ವಿಜ್ಞಾನವು ಪೂರ್ಣವಾಗಿ ಒಪ್ಪಲಿಲ್ಲ. ಆದರೆ ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳಿವೆ ಎಂಬ ಅವರ ಶೋಧನೆಯು ಸ್ಥಿರವಾಗಿ ನಿಂತಿದೆ. 1917ರ ನವೆಂಬರ್ 30ರಂದು, ತಮ್ಮ ಉಳಿತಾಯವನ್ನೂ ದಾನಿಗಳ ಕೊಡುಗೆಯನ್ನೂ ಸೇರಿಸಿ ಕಲ್ಕತ್ತೆಯಲ್ಲಿ ಬೋಸ್ ವಿಜ್ಞಾನಮಂದಿರವನ್ನು ಅವರು ನಾಡಿಗೆ ಸಮರ್ಪಿಸಿದರು. ಅಲ್ಲಿನ ಶೋಧನೆಗಳು ಯಾರ ಸ್ವತ್ತೂ ಆಗದೆ ಸರ್ವರಿಗೂ ಸಲ್ಲಬೇಕೆಂಬುದು ಅವರ ಆದೇಶವಾಗಿತ್ತು. 1920ರಲ್ಲಿ ಅದೇ ರಾಯಲ್ ಸೊಸೈಟಿಯು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿ ಗೌರವಿಸಿತು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾರಂಥ ಶಿಷ್ಯರನ್ನು ಪಡೆದ ಆ ಗುರುವರ್ಯರು 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ದಿವಂಗತರಾದರು.

ಬೋಸರ ಪ್ರಯೋಗಗಳನ್ನು ವಿದ್ಯುತ್ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯು 2012ರಲ್ಲಿ ಚಾರಿತ್ರಿಕ ಮೈಲಿಗಲ್ಲೆಂದು ಘೋಷಿಸಿತು. ಅವರ 5 ಮಿಲಿಮೀಟರ್ ತರಂಗದ ಆವೃತ್ತಿಯು ಸುಮಾರು 60 ಗಿಗಾಹರ್ಟ್ಸ್. ಅದೇ ವರ್ಷ ಆ ಆವೃತ್ತಿಯಲ್ಲಿ ನಡೆಯುವ ವೈ-ಫೈ ಮಾನದಂಡವೂ ಪ್ರಕಟವಾಯಿತು. ಅದೇ 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್‌ಬೆರಿ ಪೈ ಎಂಬ, ಅಂಗೈಯಗಲದ ಲಿನಕ್ಸ್ ಕಂಪ್ಯೂಟರ್ ಅನೇಕ ಶಾಲೆಗಳ ಪ್ರಯೋಗಶಾಲೆಯನ್ನು ಸೇರಿದೆ. 2016ರ ಅದರ ಮೂರನೆಯ ಮಾದರಿಯಿಂದ ವೈ-ಫೈ, ಬ್ಲೂಟೂತ್‌ಗಳೆರಡೂ ಹಲಗೆಯ ಮೇಲೆಯೇ ಇವೆ. ಎರಡೂ ಬಳಸುವ 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್.

ಈ ಪುಟ್ಟ ಯಂತ್ರವೂ ಒಮ್ಮೊಮ್ಮೆ ಮೌನ ತಾಳುತ್ತದೆ. ಅದರ ನಿಸ್ತಂತು ಚಿಪ್ಪು ತಾನೇ ತಾನಾಗಿ ಏನನ್ನೂ ಮಾಡಲಾರದು. ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಫರ್ಮ್‌ವೇರ್ ಎಂಬ ಆದೇಶಗಳ ಕಡತವನ್ನು ಲಿನಕ್ಸ್ ಆ ಚಿಪ್ಪಿನೊಳಗೆ ತುಂಬಬೇಕು. ಚಿಪ್ಪು ಒಂದೇ ಆದರೂ ವೈ-ಫೈಗೆ ಒಂದು ಕಡತ, ಬ್ಲೂಟೂತ್‌ಗೆ ಇನ್ನೊಂದು. ಆದುದರಿಂದ ಒಂದು ನಡೆಯುತ್ತಿದ್ದು ಇನ್ನೊಂದು ಸುಮ್ಮನಿರುವುದುಂಟು. ಆಗ ಯಂತ್ರ ಕೆಟ್ಟಿತೆಂದು ಬಿಸುಡುವುದಾಗಲಿ, ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವುದಾಗಲಿ ಬೋಸರ ಮಾರ್ಗವಲ್ಲ. ಮೊದಲು ಯಂತ್ರವೇ ಬರೆದಿಟ್ಟುಕೊಂಡ ಆರಂಭದ ದಾಖಲೆಯನ್ನು ಓದಬೇಕು. ಕಡತವು ಸಿಗದಿದ್ದರೆ ಯಾವ ಹೆಸರಿನದು ಸಿಗಲಿಲ್ಲವೆಂಬುದು ಅಲ್ಲಿ ಸಾಮಾನ್ಯವಾಗಿ ನಮೂದಾಗಿರುತ್ತದೆ. ಕಡತವು ಸರಿಯಾಗಿ ತುಂಬಿದ್ದರೆ, ರೇಡಿಯೊಗೆ ತಡೆ ಬಿದ್ದಿದೆಯೇ, ದೇಶದ ಸಂಕೇತವನ್ನು ನಮೂದಿಸದೆ ಬಿಟ್ಟಿದೆಯೇ ಎಂದು ನೋಡಬೇಕು. ಬಳಿಕ ವಿದ್ಯುತ್ ಪೂರೈಕೆಯ ಬಲವನ್ನೂ, ಲೋಹದ ಪೆಟ್ಟಿಗೆಯು ತರಂಗವನ್ನು ತಡೆಯುತ್ತಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡಬೇಕು.

ಒತ್ತಡ ಮತ್ತು ಬ್ಯಾಟರಿಗಳನ್ನು ಬೇರ್ಪಡಿಸಿ ಅಳೆದ ಆಚಾರ್ಯರ ಕ್ರಮವೂ ಇದೇ ಆಗಿತ್ತು. ಉಪಕರಣಗಳನ್ನು ದಾನಿಗಳು ಒದಗಿಸಬಹುದು, ಕೋಣೆಗಳನ್ನು ಸಂಸ್ಥೆಗಳು ಕಟ್ಟಿಸಬಹುದು. ಕೆಟ್ಟ ಯಂತ್ರದ ಮುಂದೆ ಬೇಸರಿಸದೆ ಕುಳಿತು ಕಾರಣವನ್ನು ಹುಡುಕುವ ಶ್ರದ್ಧೆಯನ್ನು ಮಾತ್ರ ಗುರುವು ತನ್ನ ನಡತೆಯಿಂದಲೇ ಶಿಷ್ಯನಿಗೆ ದಾಟಿಸಬೇಕು. ಪಾಠ ಮುಗಿದ ಮೇಲೆ ಸ್ನಾನದ ಕೋಣೆಯ ಪಕ್ಕದಲ್ಲಿ ತಗಡಿನ ಕೆಲಸಗಾರನೊಡನೆ ದುಡಿದ ಅಧ್ಯಾಪಕರೊಬ್ಬರು ಅದನ್ನು ಸಾಧಿಸಿ ತೋರಿದರು.