ಏಳು ನಾಣ್ಯಗಳಿಂದ ಶುರು: ಮೈಕೆಲ್ ಫ್ಯಾರಡೆ ಮತ್ತು ನಮ್ಮ ಟಚ್ ಸ್ವಿಚ್

ಲ್ಯಾಬಲ್ಲಿ ಕೆಪಾಸಿಟರ್ ಕೈಗೆ ತಗೊಂಡಾಗಲೆಲ್ಲ ನಾವು ಮೈಕ್ರೋಫ್ಯಾರಡ್, ಪಿಕೋಫ್ಯಾರಡ್ ಅಂತ ಹೇಳ್ತಾನೇ ಇರ್ತೀವಿ. ಆ ಹೆಸರು ಮೈಕೆಲ್ ಫ್ಯಾರಡೆ ಅವರದ್ದು. ಬೆರಳು ಇಟ್ಟ ಕೂಡಲೇ ದೀಪ ಹತ್ತೋ ಟಚ್ ಸ್ವಿಚ್ ಮಾಡಬೇಕು ಅನ್ನೋ ಆಸೆ ನಮ್ಮಲ್ಲಿ ತುಂಬಾ ಜನಕ್ಕೆ ಇರುತ್ತೆ. ಆ ಸ್ವಿಚ್ ಯಾವ ಗುಣದ ಮೇಲೆ ನಡೆಯುತ್ತೋ ಅದನ್ನ ಅಳೆದು ತೋರಿಸಿದವರೂ ಅವರೇ. ಅಷ್ಟೇ ಅಲ್ಲ, ಕರೆಂಟ್ ಜೊತೆ ಹೊಸದಾಗಿ ಕೆಲಸ ಮಾಡೋರು ಎಲ್ಲಿಂದ ಶುರು ಮಾಡಬೇಕು ಅನ್ನೋದಕ್ಕೂ ಅವರ ಜೀವನದಲ್ಲಿ ಉತ್ತರ ಇದೆ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಈಗ ದಕ್ಷಿಣ ಲಂಡನ್‌ಗೆ ಸೇರಿರೋ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ಅಪ್ಪ ಕಮ್ಮಾರ, ಆರೋಗ್ಯ ಸರಿ ಇರಲಿಲ್ಲ, ಮನೆಯಲ್ಲಿ ಬಡತನ. ಓದು, ಬರಹ, ಸ್ವಲ್ಪ ಲೆಕ್ಕ ಕಲಿಯೋ ಹೊತ್ತಿಗೆ ಶಾಲೆ ಮುಗಿದೇ ಹೋಯ್ತು. 13ನೇ ವಯಸ್ಸಿಗೆ ಜಾರ್ಜ್ ರೀಬೋ ಅನ್ನೋ ಪುಸ್ತಕ ವ್ಯಾಪಾರಿ ಹತ್ತಿರ ಓಡಾಟದ ಕೆಲಸಕ್ಕೆ ಸೇರಿದರು. ಮರುವರ್ಷ ಅಲ್ಲೇ ಏಳು ವರ್ಷಕ್ಕೆ ಬೈಂಡಿಂಗ್ ಕಲಿಯೋಕೆ ನಿಂತರು. ಬೈಂಡಿಂಗ್‌ಗೆ ಬಂದ ಪುಸ್ತಕಗಳನ್ನ ಹೊಲಿಯೋದರ ಜೊತೆಗೆ ಓದೋಕೂ ಶುರು ಮಾಡಿದರು. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ವಿದ್ಯುತ್ ಬಗೆಗಿನ ಲೇಖನ, ಜೇನ್ ಮಾರ್ಸೆಟ್ ಅವರ ಕೆಮಿಸ್ಟ್ರಿ ಪುಸ್ತಕ ಈ ಹುಡುಗನ ತಲೆಯಲ್ಲಿ ಕೂತುಬಿಟ್ಟವು. ಓದಿದ್ದನ್ನ ಹಾಗೇ ನಂಬೋ ಬದಲು, ಕೈಗೆ ಸಿಕ್ಕ ಸಾಮಾನಲ್ಲಿ ಮಾಡಿ ನೋಡೋ ಅಭ್ಯಾಸ ಆಗಲೇ ಬಂತು.

1812ರಲ್ಲಿ ಫ್ಯಾರಡೆ ಮನೆಯಲ್ಲೇ ಒಂದು ಬ್ಯಾಟರಿ ಮಾಡಿದರು. ಏಳು ತಾಮ್ರದ ಅರ್ಧ ಪೆನ್ನಿ ನಾಣ್ಯ, ಅಷ್ಟೇ ಅಗಲದ ಏಳು ಸತುವಿನ ಬಿಲ್ಲೆ, ಮಧ್ಯೆ ಉಪ್ಪುನೀರಲ್ಲಿ ನೆನೆಸಿದ ಕಾಗದ. ಅಷ್ಟೇ ಸಾಮಾನು. ಇಂಥ ಒಂದು ಜೋಡಿ ಕೊಡೋದು ಹೆಚ್ಚೂಕಮ್ಮಿ ಒಂದು ವೋಲ್ಟ್, ಅಂದ್ರೆ ಒಟ್ಟು ಸೇರಿದರೂ ಹತ್ತು ವೋಲ್ಟ್ ದಾಟಲ್ಲ. ಆದರೂ ಅದರಿಂದಲೇ ಎಪ್ಸಮ್ ಸಾಲ್ಟ್ ದ್ರಾವಣವನ್ನ ವಿಭಜನೆ ಮಾಡಿ ನೋಡಿದರು. ತಪ್ಪಾದರೆ ಕಾಗದ ಒದ್ದೆ ಮಾಡಿ ಮತ್ತೆ ಜೋಡಿಸಬಹುದು, ಜೀವಕ್ಕೆ ಏನೂ ಆಗಲ್ಲ.

ಅದೇ ವರ್ಷ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್‌ನಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಅವರ ನಾಲ್ಕು ಉಪನ್ಯಾಸ ಕೇಳಿದರು. ನೋಟ್ಸ್ ಬರೆದು, ಚಿತ್ರ ಹಾಕಿ, ತಾವೇ ಬೈಂಡ್ ಮಾಡಿ ಡೇವಿಗೆ ಕಳಿಸಿದರು. 1813ರ ಮಾರ್ಚ್‌ನಲ್ಲಿ ಅಲ್ಲೇ ಲ್ಯಾಬ್ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಸೇರಿದ ಕೆಲವೇ ವಾರದಲ್ಲಿ ಅಪಾಯವೂ ಎದುರಾಯ್ತು. ನೈಟ್ರೋಜನ್ ಟ್ರೈಕ್ಲೋರೈಡ್ ಇದ್ದ ಟ್ಯೂಬ್ ಬೆರಳ ಮಧ್ಯೆಯೇ ಸಿಡಿದು ಉಗುರಿನ ತುಂಡು ಕಿತ್ತುಹೋಯ್ತು. ಮುಖಕ್ಕೆ ಗಾಜಿನ ಮಾಸ್ಕ್ ಹಾಕಿಕೊಂಡಿದ್ದರಿಂದ ಕಣ್ಣು ಉಳೀತು.

ಆಮೇಲಿನದ್ದು ನಮ್ಮ ಟೆಕ್ಸ್ಟ್‌ಬುಕ್‌ಗಳಲ್ಲೇ ಇದೆ. 1821ರಲ್ಲಿ ಕರೆಂಟ್ ಹರಿಯೋ ತಂತಿ ಮ್ಯಾಗ್ನೆಟ್ ಸುತ್ತ ತಿರುಗೋ ಹಾಗೆ ಮಾಡಿದರು, ಮೋಟರ್‌ಗೆ ದಾರಿ ಆಯ್ತು. 1831ರಲ್ಲಿ ಎಲೆಕ್ಟ್ರೋಮ್ಯಾಗ್ನೆಟಿಕ್ ಇಂಡಕ್ಷನ್ ಕಂಡುಹಿಡಿದರು, ಜನರೇಟರ್ ಮತ್ತು ಟ್ರಾನ್ಸ್‌ಫಾರ್ಮರ್ ಎರಡೂ ಅದರಿಂದಲೇ ಬಂದವು.

1836ರಲ್ಲಿ ಮಾಡಿದ ಪ್ರಯೋಗ ನೋಡಿದರೆ ಈ ಮನುಷ್ಯನಿಗೆ ಭಯವೇ ಇರಲಿಲ್ವಾ ಅನ್ಸುತ್ತೆ. 12 ಅಡಿ ಉದ್ದ, ಅಗಲ, ಎತ್ತರದ ಒಂದು ದೊಡ್ಡ ಪೆಟ್ಟಿಗೆ ಕಟ್ಟಿಸಿ, ಅದಕ್ಕೆ ಲೋಹದ ಹೊದಿಕೆ ಕೊಟ್ಟು, ನೆಲದಿಂದ ಇನ್ಸುಲೇಟ್ ಮಾಡಿ, ತಾವು ಒಳಗೆ ಹೋಗಿ ನಿಂತರು. ಹೊರಗಿಂದ ಎಲೆಕ್ಟ್ರಿಕಲ್ ಮಷಿನ್‌ನಿಂದ ಜೋರಾಗಿ ಚಾರ್ಜ್ ಕೊಡಿಸಿದರು. ಹೊರಗೆ ಸ್ಪಾರ್ಕ್ ಹಾರ್ತಾ ಇದ್ರೂ ಒಳಗಿದ್ದ ಸೂಕ್ಷ್ಮ ಉಪಕರಣಗಳು ಏನೂ ತೋರಿಸಲಿಲ್ಲ. ಚಾರ್ಜ್ ಎಲ್ಲಿ ಕೂರುತ್ತೆ, ಎಲ್ಲಿ ಬರಲ್ಲ ಅನ್ನೋದನ್ನ ಮೊದಲೇ ಯೋಚಿಸಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಲ್ಯಾಬಲ್ಲಿ ಕಳೆದ ಮೇಲಿನ ಧೈರ್ಯ ಅದು.

1837ರಲ್ಲಿ ನಮ್ಮ ಟಚ್ ಸ್ವಿಚ್‌ಗೆ ಬೇಕಾದ ಕೆಲಸ ನಡೀತು. ಒಂದು ಹಿತ್ತಾಳೆ ಗೋಳದ ಒಳಗೆ ಇನ್ನೊಂದನ್ನ ಇಟ್ಟು, ಮಧ್ಯದ ಜಾಗಕ್ಕೆ ಗಂಧಕ, ಅರಗು ಇಂಥವನ್ನ ತುಂಬಿ ಅಳೆದರು. ಬರೀ ಗಾಳಿ ಇದ್ದಾಗಿಗಿಂತ ಹೆಚ್ಚು ಚಾರ್ಜ್ ಹಿಡೀತು. ಎರಡು ಕಂಡಕ್ಟರ್ ಮಧ್ಯೆ ಇರೋ ಇನ್ಸುಲೇಟರ್‌ಗೂ ಪಾತ್ರ ಇದೆ ಅಂತ ಗೊತ್ತಾಯ್ತು. ಇವತ್ತು ಅದನ್ನೇ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ ಅಂತೀವಿ.

ಟಚ್ ಸ್ವಿಚ್‌ನಲ್ಲಿ ಲೋಹದ ಪ್ಯಾಡ್ ಒಂದು ಪ್ಲೇಟ್, ನಮ್ಮ ಬೆರಳು ಇನ್ನೊಂದು, ಮಧ್ಯದ ಪ್ಲಾಸ್ಟಿಕ್ ಡೈಎಲೆಕ್ಟ್ರಿಕ್. ಬೆರಳು ಬಂದಾಗ ಕೆಲವು ಪಿಕೋಫ್ಯಾರಡ್ ಹೆಚ್ಚಾಗುತ್ತೆ, ಚಿಪ್ ಅದನ್ನ ಗುರುತಿಸುತ್ತೆ. ಅಂದ್ರೆ ಬೆರಳಿಗೆ ಬರೀ ಲೋಹ ತಾಗಲೇಬೇಕು ಅಂತಿಲ್ಲ. ಟಿಟಿಪಿ 223 ಚಿಪ್ ಇರೋ ರೆಡಿ ಮಾಡ್ಯೂಲ್ ತಗೊಳ್ಳಿ. ಮೂರು ಎಎ ಸೆಲ್ ಸೀರೀಸ್‌ನಲ್ಲಿ ಹಾಕಿದರೆ 4.5 ವೋಲ್ಟ್. ಪ್ಲಸ್ ಅನ್ನು ವಿಸಿಸಿಗೆ, ಮೈನಸ್ ಅನ್ನು ಗ್ರೌಂಡ್‌ಗೆ ಕೊಡಿ. ಔಟ್‌ಪುಟ್‌ನಿಂದ 1 ಕಿಲೋಓಮ್ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡ್‌ಗೆ. ಪಿನ್‌ಗಳ ಕ್ರಮ ಎಲ್ಲ ಬೋರ್ಡ್‌ನಲ್ಲೂ ಒಂದೇ ಇರಲ್ಲ, ಅದರ ಮೇಲೆ ಪ್ರಿಂಟ್ ಆಗಿರೋ ಹೆಸರು ನೋಡಿಯೇ ಜೋಡಿಸಿ.

ಎಲ್‌ಇಡಿ ಹತ್ತಿದ ಮೇಲೆ ರೂಮಿನ ಬಲ್ಬ್‌ಗೇ ಹಾಕೋಣ ಅನ್ಸುತ್ತೆ. ಅಲ್ಲಿ ನಿಲ್ಲಬೇಕು. ನಮ್ಮ ಸಾಕೆಟ್‌ನಲ್ಲಿರೋದು 230 ವೋಲ್ಟ್. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪಾಸಿಟರ್‌ನಿಂದ ವೋಲ್ಟೇಜ್ ಇಳಿಸೋ ಸರ್ಕ್ಯೂಟ್‌ಗಳು ಅಗ್ಗಕ್ಕೆ ಆಗುತ್ವೆ, ಆದರೆ ಮೀಟರ್ 5 ವೋಲ್ಟ್ ತೋರಿಸ್ತಿದ್ರೂ ಇಡೀ ಬೋರ್ಡ್ ಮೇನ್ಸ್‌ಗೆ ನೇರವಾಗಿ ಸೇರಿರುತ್ತೆ. ಬೆರಳು ಇಡೋಕೇ ಅಂತ ಮಾಡಿದ ವಸ್ತುವಿನಲ್ಲಿ ಹಾಗಿದ್ದರೆ ಜೀವ ಹೋಗಬಹುದು. ರಿಲೇ ಹಾಕಿದರೂ ಅದರ ಮೇನ್ಸ್ ಕಡೆಯ ಸ್ಕ್ರೂಗಳಲ್ಲಿ ಇರೋದು ಅದೇ 230. ಆ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಕಲಿಯೋಕೆ ಸೆಲ್ ಸಾಕು, ಫ್ಯಾರಡೆಗೆ ಏಳು ನಾಣ್ಯ ಸಾಕಾಗಿತ್ತು.

ಫ್ಯಾರಡೆಗೆ ದೊಡ್ಡ ಗಣಿತ ಬರ್ತಾ ಇರಲಿಲ್ಲ. ಆದರೆ ಮಾಡಿದ್ದನ್ನೆಲ್ಲ ನಂಬರ್ ಹಾಕಿ ಡೈರಿಯಲ್ಲಿ ಬರೆದಿಟ್ಟರು, ಅಂಥ ಪ್ಯಾರಾಗಳು ಹದಿನಾರು ಸಾವಿರ ದಾಟಿದವು. ಅವರ ಕಲ್ಪನೆಗಳಿಗೆ ಈಕ್ವೇಷನ್ ರೂಪ ಕೊಟ್ಟವರು ಮುಂದೆ ಬಂದ ಮ್ಯಾಕ್ಸ್‌ವೆಲ್. ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳಿಗೆ ಅಂತಲೇ ವರ್ಷಗಟ್ಟಲೆ ಉಪನ್ಯಾಸ ಕೊಟ್ಟರು. ಸರ್ ಪದವಿ ಬೇಡ ಅಂದರು, ರಾಯಲ್ ಸೊಸೈಟಿ ಅಧ್ಯಕ್ಷ ಸ್ಥಾನವನ್ನೂ ಒಪ್ಪಲಿಲ್ಲ. ಕೊನೆಯ ವರ್ಷಗಳಲ್ಲಿ ನೆನಪಿನ ಶಕ್ತಿ ಕುಂದಿತು. 1867ರ ಆಗಸ್ಟ್ 25ರಂದು ತೀರಿಕೊಂಡರು.

1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ಸಮ್ಮೇಳನ ಫ್ಯಾರಡ್ ಅನ್ನೋ ಯೂನಿಟ್ ಒಪ್ಪಿಕೊಂಡಿತು. ಒಂದು ಫ್ಯಾರಡ್ ಎಷ್ಟು ದೊಡ್ಡದು ಅಂದ್ರೆ, ನಮ್ಮ ಬೆರಳು ಸೇರಿಸೋದು ಅದರ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು. ಈ ರಜೆಯಲ್ಲಿ ಮೂರು ಸೆಲ್ ಹಾಕಿ ಮಾಡಿ ನೋಡಿ, ಕಂಡಿದ್ದನ್ನ ಒಂದು ನೋಟ್‌ಬುಕ್‌ನಲ್ಲಿ ನಂಬರ್ ಹಾಕಿ ಬರೆದಿಡಿ.