ರಮಜ್ಜಿನಿ ಮತ್ತು ನಮ್ಮ 57 ಬ್ಯಾಗುಗಳು

ನಾವು ಮೂವರು ರಾಯಚೂರು ಜಿಲ್ಲೆಯವರು. ಒಬ್ಬ ಸಿಂಧನೂರು, ಒಬ್ಬ ಲಿಂಗಸುಗೂರು, ಒಬ್ಬಳು ಮಸ್ಕಿ. ಮಿನಿ ಪ್ರಾಜೆಕ್ಟಿಗೆ ಸಿಂಧನೂರು ಕಡೆಯ ಒಂದು ರೈಸ್ ಮಿಲ್ ಹಿಡಿದಿದ್ವಿ. ನೆಲ್ಲು ಕ್ಲೀನ್ ಮಾಡೋ ಮಷೀನಿನ ಧೂಳಿಗೆ ಸರಿಯಾದ ಬ್ಯಾಗ್ ಫಿಲ್ಟರ್ ಆರಿಸೋದು ನಮ್ಮ ಕೆಲಸ. ಧಾನ್ಯದ ಧೂಳಿನ ಬಗ್ಗೆ ಓದ್ತಾ ಹೋದಾಗ ಪದೇ ಪದೇ ಒಂದು ಹೆಸರು ಸಿಕ್ಕಿತು: ಬರ್ನಾರ್ಡಿನೊ ರಮಜ್ಜಿನಿ. ಮೆಡಿಕಲ್ ಓದೋರಿಗೆ ಇವರು ಗೊತ್ತು. ಕೆಲಸದಿಂದ ಬರೋ ಕಾಯಿಲೆಗಳ ಶಾಸ್ತ್ರಕ್ಕೆ ಇವರೇ ಪಿತಾಮಹ. ನಮಗೆ ಮಾತ್ರ ಯಾರೂ ಹೇಳಿರಲಿಲ್ಲ.

ರಮಜ್ಜಿನಿ ಹುಟ್ಟಿದ್ದು 1633ರಲ್ಲಿ, ಇಟಲಿಯ ಕಾರ್ಪಿ ಅನ್ನೋ ಸಣ್ಣ ಊರಲ್ಲಿ. ಪಾರ್ಮಾದಲ್ಲಿ ವೈದ್ಯಕೀಯ ಓದಿ 1659ರಲ್ಲಿ ಪದವಿ ಪಡೆದರು. ಹಳ್ಳಿಗಳ ಕಡೆ ಡಾಕ್ಟರಾಗಿ ಹೋದವರು ಅಲ್ಲೇ ಮಲೇರಿಯಾ ಹತ್ತಿಸಿಕೊಂಡು ಊರಿಗೆ ವಾಪಸ್ ಬಂದರು. ಆಮೇಲೆ ಮೊಡೆನಾ ನಗರ ಸೇರಿ, 1682ರಿಂದ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು.

ಅವರ ದಾರಿ ತಿರುಗಿದ್ದು ಮೊಡೆನಾದ ಸ್ವಂತ ಮನೆಯ ಹೊಲಸು ಗುಂಡಿಯ ಹತ್ತಿರ. ಅದನ್ನು ಬಳಿಯೋಕೆ ಬಂದಿದ್ದ ಆಳು ವಿಪರೀತ ಅವಸರದಲ್ಲಿದ್ದ. ಯಾಕಪ್ಪಾ ಇಷ್ಟು ಅವಸರ ಅಂತ ಕೇಳಿದರೆ, ನಾಲ್ಕು ತಾಸಿಗಿಂತ ಹೆಚ್ಚು ಇದರೊಳಗಿದ್ದರೆ ಕಣ್ಣು ಹೋಗ್ತದೆ ಅಂದನಂತೆ. ಅವನು ಮೇಲೆ ಬಂದಾಗ ರಮಜ್ಜಿನಿ ಅವನ ಕಣ್ಣು ನೋಡಿದರು, ಕೆಂಪಾಗಿ ಮಂಜಾಗಿದ್ದವು. ಇದೇ ಕಸುಬು ಮಾಡಿ ಕಣ್ಣು ಕಳ್ಕೊಂಡು ಪೇಟೆಯಲ್ಲಿ ಭಿಕ್ಷೆ ಬೇಡೋರನ್ನೂ ಆಮೇಲೆ ಗಮನಿಸಿದರು. ಒಬ್ಬ ಪ್ರೊಫೆಸರ್ ಅಲ್ಲಿಗೆ ಮೂಗು ಮುಚ್ಕೊಂಡು ಒಳಗೆ ಹೋಗಬಹುದಿತ್ತು. ಇವರು ಕಮ್ಮಾರಸಾಲೆ, ಕುಂಬಾರರ ಮನೆ, ಹಿಟ್ಟಿನ ಗಿರಣಿ ಅಂತ ಸುತ್ತೋಕೆ ಶುರು ಮಾಡಿದರು.

ಹಾಗೆ ಸುತ್ತಿ ನೋಡಿದ್ದೆಲ್ಲ 1700ರಲ್ಲಿ ಪುಸ್ತಕವಾಯಿತು. ಹೆಸರು ಲ್ಯಾಟಿನ್‌ನಲ್ಲಿದೆ, ಅರ್ಥ ಕೆಲಸಗಾರರ ಕಾಯಿಲೆಗಳು ಅಂತ. 40ಕ್ಕೂ ಹೆಚ್ಚು ಕಸುಬುಗಳಿವೆ ಅದರಲ್ಲಿ. ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ಗ್ರೀಕರ ಹಿಪೊಕ್ರೆಟಿಸ್ ಕಾಲದಿಂದ ಡಾಕ್ಟರುಗಳು ಕಲೀತಾ ಬಂದಿದ್ದರು. ರಮಜ್ಜಿನಿ ಇನ್ನೊಂದು ಸೇರಿಸಿದರು: ನೀನು ಏನು ಕೆಲಸ ಮಾಡ್ತೀಯಾ?

ಲಿಂಗಸುಗೂರಿನವನು ಮೊದಲು ಹುಡುಕಿದ್ದು ಕಲ್ಲಿನ ಧೂಳು. ಹಟ್ಟಿ ಚಿನ್ನದ ಗಣಿ ಅವರ ತಾಲೂಕಿನದೇ ಅಲ್ವಾ. ಕಲ್ಲು ಕಡಿಯೋರ ಶ್ವಾಸಕೋಶ ಕೊಯ್ದಾಗ ಮರಳು ಸಿಕ್ಕಿದ ವಿಚಾರವನ್ನು ರಮಜ್ಜಿನಿ ಬರೆದಿದ್ದಾರೆ. ಈಗ ನಾವು ಸಿಲಿಕೋಸಿಸ್ ಅಂತೀವಿ.

ಸಿಂಧನೂರಿನವನು ಓದಿದ್ದು ಧಾನ್ಯ ಜರಡಿ ಹಿಡಿಯೋರ, ಅಳೆಯೋರ ಅಧ್ಯಾಯ. ಗಂಟಲು ಒಣಗೋದು, ಬಿಡದ ಒಣ ಕೆಮ್ಮು, ಉರಿಯೋ ಕಣ್ಣು, ಏದುಸಿರು, ಮುಪ್ಪು ಕಾಣೋದೇ ಅಪರೂಪ. ಓದಿ ಮುಗಿಸಿ ಸುಮ್ಮನೆ ಕೂತ. ಅವನ ಅಪ್ಪ ಇನ್ನೊಂದು ಮಿಲ್‌ನಲ್ಲಿ 20 ವರ್ಷದಿಂದ ಹಮಾಲಿ. ಆ ಕೆಮ್ಮನ್ನು ಮನೇಲಿ ಎಲ್ಲರೂ ಬೀಡಿ ಕೆಮ್ಮು ಅಂತಿದ್ದರು. ಅಪ್ಪ ಬೀಡಿ ಬಿಟ್ಟು ಎಷ್ಟೋ ವರ್ಷ ಆಗಿದೆ.

ಇಲ್ಲಿ ನಮ್ಮ ಪ್ರಾಜೆಕ್ಟ್ ಹೇಳಲೇಬೇಕು. ಬ್ಯಾಗ್ ಆರಿಸುವಾಗ ಧೂಳಿನ ಕಣ ಎಷ್ಟು ಸಣ್ಣದು, ಗಾಳಿ ಎಷ್ಟು ಬಿಸಿ, ತೇವ ಎಷ್ಟು ಅಂತ ನೋಡ್ತೀವಿ. ಕ್ಲೀನರ್ ಗಾಳಿ ಬಿಸಿ ಇರಲ್ಲ, ಒಣಗಿರ್ತದೆ. ಅದಕ್ಕೆ 130 ಡಿಗ್ರಿ ತಡೆಯೋ ಪಾಲಿಯೆಸ್ಟರ್ ಫೆಲ್ಟ್ ಧಾರಾಳ ಸಾಕು. ಅದೇ ಬಟ್ಟೆ ಬಿಸಿ ಮತ್ತು ಹಬೆ ಎರಡೂ ಸೇರಿದ ಕಡೆ ಬೇಗ ಕೊಳೀತದೆ, ಬಾಯ್ಲರ್ ಕಡೆಗೆ ಬೇರೆಯೇ ಬೇಕು. ಧಾನ್ಯದ ಧೂಳು ಕಿಡಿ ತಗುಲಿದರೆ ಸ್ಫೋಟಿಸಬಹುದು, ಹಾಗಾಗಿ ಆಂಟಿಸ್ಟ್ಯಾಟಿಕ್ ಬಟ್ಟೆ, ಜೊತೆಗೆ ಅರ್ಥಿಂಗ್. ಗಂಟೆಗೆ 6000 ಘನ ಮೀಟರ್ ಗಾಳಿ, ಪ್ರತಿ ಚದರ ಮೀಟರ್ ಬಟ್ಟೆಗೆ ನಿಮಿಷಕ್ಕೆ 1.5 ಘನ ಮೀಟರ್. ಲೆಕ್ಕ ಮಾಡಿದ್ರೆ ಸುಮಾರು 67 ಚದರ ಮೀಟರ್ ಬಟ್ಟೆ. 150 ಮಿ.ಮೀ. ವ್ಯಾಸ, 2.5 ಮೀಟರ್ ಉದ್ದದ ಬ್ಯಾಗ್ ಆದರೆ 57. ಡ್ರಾಯಿಂಗ್ ಮುಗಿಸಿ ಖುಷಿಯಾಗಿದ್ವಿ.

ಆ ಅಧ್ಯಾಯ ಓದಿದ ಮೇಲೆ ಮತ್ತೆ ಮಿಲ್‌ಗೆ ಹೋದ್ವಿ. ಅತಿ ಹೆಚ್ಚು ಧೂಳು ಏಳ್ತಿದ್ದದ್ದು ಮಷೀನಿನಲ್ಲಲ್ಲ, ಹಮಾಲರು ಚೀಲ ಬಿಚ್ಚಿ ನೆಲ್ಲು ಸುರಿಯೋ ಗುಂಡಿಯ ಹತ್ತಿರ. ಎಲ್ಲರ ಮುಖಕ್ಕೂ ಟವೆಲ್ ಕಟ್ಟಿತ್ತು. ನಮ್ಮ ಡ್ರಾಯಿಂಗ್‌ನಲ್ಲಿ ಆ ಜಾಗ ಖಾಲಿ ಬಿಳಿ ಕಾಗದ.

ಬೇಕರಿಯವರು ಮುಖಕ್ಕೆ ಬಟ್ಟೆ ಸುತ್ತಿಕೊಂಡರೂ ಹಿಟ್ಟು ಒಳಗೆ ಹೋಗೇ ಹೋಗ್ತದೆ ಅಂತ ರಮಜ್ಜಿನಿ ಆಗಲೇ ಗಮನಿಸಿದ್ದರು. ಬ್ಯಾಗ್ ಫಿಲ್ಟರಿನದೂ ಬಟ್ಟೆಯೇ, ಆದರೆ ಅದರ ಮೇಲೆ ಧೂಳಿನ ಪದರ ಕೂತಷ್ಟೂ ಸಣ್ಣ ಕಣ ಚೆನ್ನಾಗಿ ನಿಲ್ತದೆ. ಪದರ ಹೆಚ್ಚಾದಾಗ ಗಾಳಿಯ ಹೊಡೆತ ಕೊಟ್ಟು ಉದುರಿಸ್ತೀವಿ. ಮನುಷ್ಯನ ಮುಖದ ಟವೆಲ್ ಮೇಲೆ ಅದೇ ಪದರ ಕೂತರೆ ಉಸಿರೇ ಕಟ್ತದೆ. ಗುಂಡಿಗೆ ಒಂದು ಹುಡ್ ಸೇರಿಸಿದ್ವಿ. ಇನ್ನೂ 3000 ಘನ ಮೀಟರ್, ಒಟ್ಟು 85 ಬ್ಯಾಗ್, ದೊಡ್ಡ ಫ್ಯಾನ್. ಓನರ್ ಖರ್ಚು ನೋಡಿ ಮುಖ ತಿರುಗಿಸಿದರು. ರಿಪೋರ್ಟಿನಲ್ಲಿ 85 ಅಂತಲೇ ಬರೆದಿದ್ದೀವಿ.

ಪುಸ್ತಕ ಬಂದ ವರ್ಷವೇ ರಮಜ್ಜಿನಿಗೆ ಪಡುವಾ ವಿಶ್ವವಿದ್ಯಾಲಯದಿಂದ ಕರೆ ಬಂತು, ಹಿಂದೆ ಗೆಲಿಲಿಯೋ ಪಾಠ ಮಾಡಿದ ಜಾಗ. ವಯಸ್ಸು 67. ಹೊಲಸು ಬಳಿಯುವವರ ಕಣ್ಣಿನ ಬಗ್ಗೆ ಬರೆದವರಿಗೇ ಕೊನೆಗೆ ಕಣ್ಣು ಕೈಕೊಟ್ಟಿತು. ಮೊಮ್ಮಕ್ಕಳು ಓದಿ ಹೇಳ್ತಿದ್ದರು. ಆದರೂ 1713ರಲ್ಲಿ ಇನ್ನಷ್ಟು ಕಸುಬು ಸೇರಿಸಿ ಎರಡನೇ ಆವೃತ್ತಿ ತಂದರು. ಮರುವರ್ಷ ನವೆಂಬರ್ 5ರಂದು, 81ನೇ ವಯಸ್ಸಿನಲ್ಲಿ, ಪಡುವಾದಲ್ಲೇ ತೀರಿಕೊಂಡರು. ಆ ದಿನವೂ ಪಾಠಕ್ಕೆ ಹೊರಡೋ ತಯಾರಿಯಲ್ಲಿದ್ದರಂತೆ.