ಟ್ರಿನಿಟಿಯ ಕೋಣೆಯಲ್ಲೊಂದು ಒಂಟಿ ಒಲೆ

1914ರ ಮಾರ್ಚ್ 17ರಂದು ಮದರಾಸಿನ ಬಂದರಿನಿಂದ ‘ನೆವಾಸಾ’ ಎಂಬ ಹಡಗು ಇಂಗ್ಲೆಂಡಿಗೆ ಹೊರಟಾಗ ಅದರಲ್ಲಿ ಇಪ್ಪತ್ತಾರು ವರ್ಷದ ಶ್ರೀನಿವಾಸ ರಾಮಾನುಜನ್ ಇದ್ದರು. ಹೊರಡುವ ಮುನ್ನ ಶಿಖೆ ಕತ್ತರಿಸಲಾಗಿತ್ತು. ಪಂಚೆಯ ಜಾಗಕ್ಕೆ ಷರಾಯಿ, ಕೋಟು ಬಂದಿದ್ದವು. ಕುಂಭಕೋಣದ ಸಂಪ್ರದಾಯಸ್ಥ ಅಯ್ಯಂಗಾರ್ ಮನೆತನದ ಆ ಯುವಕ ಉಡುಪನ್ನು ಬಿಟ್ಟುಕೊಟ್ಟರು, ಸಮುದ್ರೋಲ್ಲಂಘನದ ನಿಷೇಧವನ್ನೂ ಮೀರಿದರು. ಬಿಟ್ಟುಕೊಡಲು ಒಪ್ಪದೆ ಉಳಿಸಿಕೊಂಡದ್ದು ಒಂದನ್ನು ಮಾತ್ರ: ಊಟದ ನಿಯಮ.

ಅವರ ಗಣಿತಜೀವನದ ಕಥೆ ಎಲ್ಲರಿಗೂ ತಿಳಿದದ್ದೇ. ಮದರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತ, 1913ರಲ್ಲಿ ಪ್ರೊ. ಹಾರ್ಡಿಯವರಿಗೆ ಬರೆದ ಪತ್ರ, ಕೇಂಬ್ರಿಜ್‌ನ ಆಹ್ವಾನ, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ. ಆದರೆ ಆ ಐದು ವರ್ಷ ಅವರು ಏನನ್ನು ಉಂಡರು, ಯಾರೊಡನೆ ಉಂಡರು ಎಂಬ ಸಾಮಾನ್ಯ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ.

ಮೊದಲ ಕೆಲವು ವಾರ ಅವರು ಗಣಿತಜ್ಞ ನೆವಿಲ್ ದಂಪತಿಗಳ ಮನೆಯಲ್ಲಿದ್ದು, ಬಳಿಕ ಟ್ರಿನಿಟಿ ಕಾಲೇಜಿನ ಕೋಣೆಗೆ ಬಂದರು. ಕೇಂಬ್ರಿಜ್‌ನಲ್ಲಿ ಕಾಲೇಜಿನ ಭೋಜನಶಾಲೆ ಕೇವಲ ಹೊಟ್ಟೆ ತುಂಬಿಸುವ ಜಾಗವಲ್ಲ. ಸ್ನೇಹ ಬೆಳೆಯುವುದೂ ಹೊಸಬ ಹಳಬನಾಗುವುದೂ ಅಲ್ಲಿನ ಉದ್ದನೆಯ ಮೇಜುಗಳ ಇಕ್ಕೆಲದಲ್ಲೇ. ಹಂದಿಯ ಕೊಬ್ಬಿನಲ್ಲಿ ಕರಿಯುವುದು ಸಾಮಾನ್ಯವಾಗಿದ್ದ ಇಂಗ್ಲಿಷ್ ಅಡುಗೆಮನೆಯ ಆಹಾರವನ್ನು ರಾಮಾನುಜನ್ ನಂಬಲಾರದಾದರು. ತಮ್ಮ ಕೋಣೆಯಲ್ಲೇ ಒಲೆ ಹಚ್ಚಿಕೊಂಡರು. ಗಣಿತದಲ್ಲಿ ಮುಳುಗಿದರೆ ಹಗಲು ರಾತ್ರಿಗಳ ಪರಿವೆ ಇರುತ್ತಿರಲಿಲ್ಲ. ದಿನಕ್ಕೊಮ್ಮೆ, ಕೆಲವೊಮ್ಮೆ ಎರಡು ದಿನಕ್ಕೊಮ್ಮೆ ಅಡುಗೆಯಾಗುತ್ತಿತ್ತು. ಹುಣಸೆಹಣ್ಣು, ತೆಂಗಿನೆಣ್ಣೆಗಳು ಮದರಾಸಿನಿಂದ ಬರಬೇಕಿತ್ತು. ಅನ್ನಕ್ಕೆ ಉಪ್ಪು, ನಿಂಬೆರಸ ಸಾಕೆಂದು ಅವರು ಸ್ನೇಹಿತರಿಗೆ ಬರೆದು ಸಮಾಧಾನಪಡಿಸಿದ್ದೂ ಉಂಟು.

ಅವರು ಇಂಗ್ಲೆಂಡಿಗೆ ಬಂದ ನಾಲ್ಕೇ ತಿಂಗಳಿಗೆ ಮಹಾಯುದ್ಧ ಆರಂಭವಾಯಿತು. 1917ರಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಸರಕುಹಡಗುಗಳನ್ನು ಎಗ್ಗಿಲ್ಲದೆ ಮುಳುಗಿಸತೊಡಗಿದವು. 1918ರ ಆರಂಭಕ್ಕೆ ಸಕ್ಕರೆಗೂ ಪಡಿತರ ಬಂದಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲೊಂದು ಪಾಠವಿದೆ. ಮದರಾಸ್ ವಿಶ್ವವಿದ್ಯಾಲಯ ಅವರಿಗೆ ವರ್ಷಕ್ಕೆ 250 ಪೌಂಡ್ ನೀಡುತ್ತಿತ್ತು, ಟ್ರಿನಿಟಿ ಅದಕ್ಕೆ 60 ಪೌಂಡ್ ಸೇರಿಸಿತ್ತು. ಮನೆಗೆ ಹಣ ಕಳುಹಿಸಿದ ಮೇಲೂ ಕೊರತೆಯಿರಲಿಲ್ಲ. ಕೊಳ್ಳುವ ಶಕ್ತಿಯಿತ್ತು, ಕೊಳ್ಳಬೇಕಾದ ವಸ್ತು ಪೇಟೆಯಲ್ಲಿರಲಿಲ್ಲ.

ಆದರೂ ಅವರಿಗೆ ಇನ್ನೊಬ್ಬರಿಗೆ ಬಡಿಸುವ ಆಸೆ ಹೋಗಿರಲಿಲ್ಲ. ಮದುವೆ ನಿಶ್ಚಯವಾಗಿದ್ದ ಚಟರ್ಜಿ ಎಂಬ ಮಿತ್ರರನ್ನೂ ಅವರ ಭಾವೀ ಪತ್ನಿಯನ್ನೂ ಒಮ್ಮೆ ಕೋಣೆಗೆ ಊಟಕ್ಕೆ ಕರೆದರು. ತಾವೇ ಮಾಡಿದ ಸಾರನ್ನು ಬಡಿಸಿದರು. ಅತಿಥಿಗಳು ಎರಡನೆಯ ಬಾರಿ ಹಾಕಿಸಿಕೊಂಡರು. ಮೂರನೆಯ ಬಾರಿ ಮಹಿಳೆಯರು ಬೇಡವೆಂದರು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಆತಿಥೇಯರೇ ಕಾಣೆ! ಮನನೊಂದ ರಾಮಾನುಜನ್ ಆಕ್ಸ್‌ಫರ್ಡ್‌ಗೆ ಹೊರಟುಹೋಗಿದ್ದರು. ಕೆಲವು ದಿನಗಳ ಮೇಲೆ ಹಣ ಕಳುಹಿಸಿರೆಂದು ಅಲ್ಲಿಂದ ತಂತಿ ಬಂದಿತು. ಇದನ್ನು ಮೇಧಾವಿಯ ವಿಚಿತ್ರ ವರ್ತನೆಯೆಂದು ನಕ್ಕು ಮರೆಯಬಹುದು. ಆದರೆ ದಿನವೂ ಒಬ್ಬರೇ ಉಣ್ಣುವವರ ಮನೆಯಲ್ಲಿ ಅತಿಥಿಯ ಎಲೆಯ ಮಹತ್ವವೇ ಬೇರೆ.

1917ರಲ್ಲಿ ಅವರು ಹಾಸಿಗೆ ಹಿಡಿದರು. ಆರೋಗ್ಯಧಾಮಗಳ ಚಳಿ ಮತ್ತು ಒಗ್ಗದ ಆಹಾರ ಅವರನ್ನು ಇನ್ನಷ್ಟು ಕುಗ್ಗಿಸಿದವು. 1918ರ ಆರಂಭದಲ್ಲಿ ಲಂಡನ್ನಿನ ಸುರಂಗ ರೈಲಿನ ಹಳಿಯ ಮೇಲೆ ಬಿದ್ದು ಪ್ರಾಣ ಕಳೆದುಕೊಳ್ಳಲು ಯತ್ನಿಸಿದರು. ರೈಲು ಸಕಾಲಕ್ಕೆ ನಿಂತಿತು. ಅಂದಿನ ವೈದ್ಯರು ಕ್ಷಯವೆಂದರು. ಅದು ಯಕೃತ್ತಿಗೆ ತಗುಲಿದ ಅಮೀಬಾ ಸೋಂಕಾಗಿರಬಹುದೆಂದು 1994ರಲ್ಲಿ ಡಿ.ಎ.ಬಿ. ಯಂಗ್ ವಾದಿಸಿದರು. ಆದ್ದರಿಂದ ಸಸ್ಯಾಹಾರವೇ ಅವರನ್ನು ಕೊಂದಿತೆನ್ನುವುದು ಅನ್ಯಾಯ. ಅರೆಹೊಟ್ಟೆ ಮತ್ತು ಒಂಟಿತನ ರೋಗಕ್ಕೆ ಒತ್ತಾಸೆಯಾದವು ಎನ್ನಬಹುದಷ್ಟೆ.

ಅವರಿಗಿಂತ ಇಪ್ಪತ್ತಾರು ವರ್ಷ ಮೊದಲು, 1888ರಲ್ಲಿ, ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟ ಇನ್ನೊಬ್ಬ ತರುಣ ಲಂಡನ್ನಿಗೆ ಬಂದಿದ್ದ. ಆರಂಭದಲ್ಲಿ ಮೋಹನದಾಸ ಗಾಂಧಿಯೂ ಹಸಿದಿದ್ದುಂಟು. ಆದರೆ ಫ್ಯಾರಿಂಗ್ಡನ್ ರಸ್ತೆಯ ಸಸ್ಯಾಹಾರಿ ಉಪಾಹಾರಗೃಹವೊಂದು ಕಣ್ಣಿಗೆ ಬಿದ್ದಿತು. ಅಲ್ಲಿಂದ ಪುಸ್ತಕಗಳು, ಗೆಳೆಯರು, ಸಸ್ಯಾಹಾರಿ ಸಂಘದ ಕಾರ್ಯಸಮಿತಿ ದೊರೆತವು. ವ್ರತ ಎರಡೂ ಕಡೆ ಒಂದೇ. ಒಬ್ಬರಿಗೆ ಪಂಕ್ತಿ ದೊರೆಯಿತು, ಇನ್ನೊಬ್ಬರಿಗೆ ದೊರೆಯಲಿಲ್ಲ. ಕಾಲವೂ ಸ್ವಭಾವವೂ ಬೇರೆಯಾಗಿದ್ದವು ಎಂಬುದನ್ನು ಒಪ್ಪಲೇಬೇಕು.

1919ರ ಮಾರ್ಚಿನಲ್ಲಿ ತಾಯ್ನಾಡಿಗೆ ಮರಳಿದ ರಾಮಾನುಜನ್ ಮರುವರ್ಷ ಏಪ್ರಿಲ್ 26ರಂದು, ಮೂವತ್ತೆರಡರ ಹರೆಯದಲ್ಲಿ ತೀರಿಕೊಂಡರು. ರಾಮೇಶ್ವರಕ್ಕೆ ಹೋಗಿ ಪ್ರಾಯಶ್ಚಿತ್ತ ಮಾಡಿಕೊಳ್ಳಲು ದೇಹದಲ್ಲಿ ತ್ರಾಣವಿರಲಿಲ್ಲ. ಕಡಲು ದಾಟಿದವನೆಂದು ಅನೇಕ ಬಂಧುಗಳು ಅಂತ್ಯಕ್ರಿಯೆಗೆ ಬರಲಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಆಚಾರವೂ ಅವರ ನೆರವಿಗೆ ಬರಲಿಲ್ಲ.

ಇಂದು ಲಂಡನ್ನಿನ ಅಂಗಡಿಗಳಲ್ಲಿ ಹುಣಸೆಹಣ್ಣೂ ತೊಗರಿಬೇಳೆಯೂ ಧಾರಾಳವಾಗಿ ಸಿಗುತ್ತವೆ. ನಮ್ಮ ಮಕ್ಕಳು ಅಲ್ಲಿ ಉಪವಾಸವಿರಬೇಕಾಗಿಲ್ಲ. ಆದರೆ ನಮ್ಮ ಬೆಂಗಳೂರಿಗೂ ಈಶಾನ್ಯ ರಾಜ್ಯಗಳಿಂದ, ಆಫ್ರಿಕಾದಿಂದ ತರುಣರು ಓದಲು ಬರುತ್ತಾರೆ. ಅವರ ಅಡುಗೆಯ ವಾಸನೆಗೆ ಮೂಗು ಮುರಿದು ಬಾಡಿಗೆಮನೆ ನಿರಾಕರಿಸುವವರು ನಮ್ಮಲ್ಲಿಲ್ಲವೆ? ಟ್ರಿನಿಟಿ ಕಾಲೇಜು ರಾಮಾನುಜನ್ನರಿಗೆ ಕೋಣೆ, ವೇತನ, ಗೌರವ ಎಲ್ಲವನ್ನೂ ನೀಡಿತು; ಅವರ ಊಟವನ್ನು ಮಾತ್ರ ಅವರಿಗೇ ಬಿಟ್ಟಿತು. ದೂರದಿಂದ ಬಂದವರನ್ನು ನಾವು ಅದಕ್ಕಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆಯೇ ಎಂದು ಕೇಳಿಕೊಳ್ಳುವುದು ಅಗತ್ಯ.